ಏಳನೇ ಲೋಟ

ಫೆಬ್ರವರಿ 11

ಅಪ್ಪನಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸ ಬಿದ್ದಿದೆ ಅಂತ. ನೀವು ಹಾಗೇ ಅಂದುಕೊಳ್ಳುತ್ತೀರಿ, ಸರಿಯಾಗಿಯೇ ಅಂದುಕೊಳ್ಳುತ್ತೀರಿ. ನಿಮ್ಮ ಆರೋಗ್ಯದ ಸಮಾಚಾರ ತಮ್ಮ ಹೇಳುತ್ತಿರುತ್ತಾನೆ. ಕಿವಿ ಪೂರಾ ಮಂದವಾಗಿದೆಯಂತೆ, ಫೋನು ಕೈಗೆ ಕೊಟ್ಟರೆ ಹ್ಞಾಂ ಹ್ಞಾಂ ಅಂದು ಅವನಿಗೇ ವಾಪಸು ಕೊಡುತ್ತೀರಂತೆ. ಅದಕ್ಕೇ ಈ ಕಾಗದ.

ನನ್ನನ್ನು ನೀವು ಮೊದಲು ಕೆಲಸ ಮಾಡಿದ ಊರಿಗೇ ವರ್ಗ ಮಾಡಿದ್ದಾರೆ. ನಾನು ಹುಟ್ಟಿದ ಊರು ಅನ್ನುವುದು ಬರೀ ಮಾತಿಗೆ. ನಾಲ್ಕು ವರ್ಷದವಳಿದ್ದಾಗ ಬಿಟ್ಟುಹೋದದ್ದು, ಒಂದು ಗೋಡೆಯೂ ನೆನಪಿಲ್ಲ. ಇಲ್ಲಿನ ನಗರಸಭೆ ತನ್ನ ಪಾಳುಬಿದ್ದ ಕಟ್ಟಡಗಳನ್ನೆಲ್ಲ ಕೆಡವಲು ಹೊರಟಿದೆ. ಕೆಡವುವ ಮೊದಲು ಯಾವುದು ಯಾತಕ್ಕಿತ್ತು ಎಂದು ಬರೆದಿಡಬೇಕಂತೆ. ಆ ಪಟ್ಟಿ ನನ್ನ ತಲೆಗೆ ಬಂದಿದೆ. ಒಟ್ಟು ಹತ್ತೊಂಬತ್ತು. ಪಂಪು ಮನೆ, ಬೀದಿದೀಪದ ಉಗ್ರಾಣ, ತೂಕದ ಕಟ್ಟೆ, ಬೆಂಕಿ ಗಂಟೆಯ ಗೋಪುರ, ಹೀಗೆ ಹದಿನೆಂಟಕ್ಕೆ ಉತ್ತರ ಸಿಕ್ಕಿತು. ಒಂದು ಮಾತ್ರ ಬಾಯಿ ಬಿಡುತ್ತಿಲ್ಲ.

ಅದು ನೀರಿನ ಟ್ಯಾಂಕಿನ ಅಂಗಳದ ಗೋಡೆಗೆ ಅಂಟಿಕೊಂಡಿರುವ ಇಟ್ಟಿಗೆಯ ಕೋಣೆ. ನೀವು ನೀರು ಬಿಡುತ್ತಿದ್ದ ಕಾಲದಲ್ಲಿ ದಿನಾ ಅದರ ಪಕ್ಕದಲ್ಲೇ ಓಡಾಡಿರುತ್ತೀರಿ. ಕಿಟಕಿಯಿಲ್ಲ. ಬಾಗಿಲು ರಸ್ತೆಗೆ. ಬೀಗ ಎಷ್ಟು ತುಕ್ಕು ಹಿಡಿದಿತ್ತೆಂದರೆ ಬೀಗದವನು ಎರಡು ಗಂಟೆ ಗರಗಸ ಎಳೆದ. ಒಳಗೆ ಒಂದು ಗೋಡೆಯಲ್ಲಿ ಸಾಲಾಗಿ ಏಳು ನಲ್ಲಿ, ಕೂತವರ ಕೈಗೆ ಸಿಗುವ ಎತ್ತರದಲ್ಲಿ. ಒಂದು ಸ್ಟೂಲು. ಎದುರು ಗೋಡೆಯಲ್ಲಿ ಕಲ್ಲಿನ ಹಲಗೆ, ಅದರ ಮೇಲೆ ಅಂಗೈಯಗಲದ ಒಂದು ಕಿಂಡಿ. ಕಿಂಡಿಯಿಂದ ಆಚೆ ಕಾಣುವುದು ವಾಲ್ವುಗಳ ಅಂಗಳ, ಅಷ್ಟೆ. ಹಲಗೆಯ ಮೇಲೆ ಏಳು ಬಿಳಿ ಎನಾಮಲ್ ಲೋಟ, ಒಂದರಿಂದ ಏಳರವರೆಗೆ ನಂಬರು. ಆರು ನೆಟ್ಟಗಿದ್ದವು, ಏಳನೆಯದು ಬೋರಲು ಬಿದ್ದು ಕಲ್ಲಿಗೆ ಕಚ್ಚಿಕೊಂಡಿತ್ತು. ನಮ್ಮ ಮನೆಯಾಗಿದ್ದರೆ ಅದನ್ನು ಹಾಗಿಟ್ಟವರಿಗೆ ನಿಮ್ಮಿಂದ ಪೂಜೆ ಗ್ಯಾರಂಟಿ. ತೊಳೆದ ಲೋಟ ಬೋರಲು ಹಾಕಿದರೆ ನೀವು ಊಟ ಬಿಟ್ಟು ಎದ್ದುಬಂದು ನೆಟ್ಟಗೆ ಮಾಡುತ್ತಿದ್ದಿರಲ್ಲ, ಆ ಹಾಳು ಅಭ್ಯಾಸ ನನಗೂ ಅಂಟಿದೆ. ಎಲ್ಲವನ್ನೂ ತೊಳೆದು, ನೆಟ್ಟಗೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದೆ.

ಕಚೇರಿಯಲ್ಲಿ ಒಬ್ಬೊಬ್ಬರದು ಒಂದೊಂದು ಪುರಾಣ. ಗುಮಾಸ್ತನ ಪ್ರಕಾರ ನೌಕರರು ಮುಖ ತೊಳೆಯುವ ಕೋಣೆ. ಡ್ರೈವರ್ ಪ್ರಕಾರ ಲಾಕಪ್ಪು, ಕಿಂಡಿಯಿಂದ ಕೈದಿಗೆ ಊಟ ಕೊಡುತ್ತಿದ್ದರು. ನನ್ನ ಮೇಲಧಿಕಾರಿ ಯಾವುದಕ್ಕೂ "ನೋಡೋಣ, ನೋಡೋಣ" ಅನ್ನುವವರು. ಹಿಂದಿನಿಂದ ನಾವು ಅವರನ್ನು ನೋಡೋಣ ಸಾಹೇಬರು ಅಂತಲೇ ಕರೆಯುವುದು. ಅವರು ಮೊದಲ ಸಲ ಖಡಾಖಂಡಿತ ಹೇಳಿದ್ದಾರೆ: ಆ ಕಾಲದ ನೌಕರರೊಬ್ಬರಿಂದ ಬರೆಸಿ ತನ್ನಿ, ಆ ಕಾಲಂ ಮುಗಿಸಿ. ಆ ಕಾಲದವರಲ್ಲಿ ಬದುಕಿರುವುದು ನೀವೊಬ್ಬರೇ. ದಯವಿಟ್ಟು ಅದು ಏನು ಕಟ್ಟಡ ಎಂದು ನಾಲ್ಕು ಸಾಲು ಬರೆದು, ಕೆಳಗೆ ಹುದ್ದೆ ಹಾಕಿ ಸಹಿ ಮಾಡಿ ಕಳಿಸಿ.

ನಿಮ್ಮ ಪ್ರಶಂಸಾಪತ್ರ ನಡುಮನೆಯ ಗೋಡೆಯ ಮೇಲೇ ಇದೆಯಂತೆ, ತಮ್ಮ ಅದಕ್ಕೆ ಹೊಸ ಗಾಜು ಹಾಕಿಸಿದನಂತೆ. ಕಾಯಿಲೆಯ ಸುದ್ದಿ ಬಂದ ತಕ್ಷಣ ಯಾರ ಅಪ್ಪಣೆಗೂ ಕಾಯದೆ ಓಡಿಹೋಗಿ ವಾಲ್ವು ಮುಚ್ಚಿ ಊರು ಉಳಿಸಿದವರು ಎಂದು ಶಾಲೆಯಲ್ಲಿ ನಾನು ಎಷ್ಟು ಸಲ ಜಂಬ ಕೊಚ್ಚಿದ್ದೇನೋ. ಮನೆಯಲ್ಲಿ ಅಮ್ಮನದೊಂದು ಫೋಟೋ ಇಲ್ಲ, ಇದಕ್ಕೆ ಮಾತ್ರ ಗಾಜು ಎಂದು ಹೋದ ಸಲ ಜಗಳವಾಡಿ ಬಂದೆ. ಅದನ್ನು ಮತ್ತೆ ತೆಗೆಯುವುದಿಲ್ಲ. ನಾಲ್ಕು ಸಾಲು ಬರೆಯಿರಿ ಸಾಕು.

ನಿಮ್ಮ ಮಗಳು

*

ಮಾರ್ಚ್ 2

ಮಗಳಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ನೀನು ಕೇಳಿದ ಕಟ್ಟಡ ಸಾಮಾನು ಕೋಣೆ. ಪೈಪಿನ ತುಂಡು, ವಾಷರ್, ಹಳೆಯ ನಲ್ಲಿ ಇತ್ಯಾದಿ ಇಡುತ್ತಿದ್ದರು. ನಲ್ಲಿಗಳನ್ನು ಪರೀಕ್ಷೆ ಮಾಡಲು ಗೋಡೆಗೆ ಹಾಕಿರಬಹುದು. ಕಿಂಡಿ ಗಾಳಿಗೆ. ಇದಕ್ಕಿಂತ ಹೆಚ್ಚು ವಿಶೇಷವೇನೂ ಇಲ್ಲ. ಇದನ್ನು ಕಡತಕ್ಕೆ ಹಾಕಿಕೊಳ್ಳಬಹುದು.

ಲೋಟಗಳನ್ನು ಈಗ ಎಲ್ಲಿಟ್ಟಿದ್ದೀಯ? ಹಳೆಯ ಕೋಣೆಗಳಲ್ಲಿ ಹುಳಹುಪ್ಪಟೆ ಇರುತ್ತವೆ, ಪದೇ ಪದೇ ಒಳಗೆ ಹೋಗಬೇಡ. ಬೇಗ ಕೆಡವಿಸಿ ಕೈತೊಳೆದುಕೋ. ಸರ್ಕಾರಿ ಕೆಲಸದಲ್ಲಿ ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಆಯಿತು, ಅಗತ್ಯಕ್ಕಿಂತ ಹೆಚ್ಚು ಮೂಗು ತೂರಿಸಿದವರು ಯಾರೂ ಉದ್ಧಾರವಾಗಿಲ್ಲ.

ಅಲ್ಲಿ ನೀರು ಕುದಿಸಿ ಕುಡಿ.

ಇಂತು,
ನಿನ್ನ ಅಪ್ಪ
ನಿವೃತ್ತ ಮೇಸ್ತ್ರಿ, ನೀರು ಸರಬರಾಜು ವಿಭಾಗ

*

ಮಾರ್ಚ್ 14

ಅಪ್ಪನಿಗೆ,

ನಿಮ್ಮ ಕಾಗದ ಕಡತ ಸೇರಿತು. ನೋಡೋಣ ಸಾಹೇಬರಿಗೆ ನಿಮ್ಮ ಅಕ್ಷರ ಬಹಳ ಹಿಡಿಸಿತು. "ಆಗಿನವರ ಕೈಬರಹ ನೋಡ್ರಿ, ಸಹಿ ನೋಡ್ರಿ" ಅಂದರು. ಪಟ್ಟಿಯನ್ನು ಚೊಕ್ಕವಾಗಿ ಟೈಪು ಮಾಡಿಸಿದೆವು. ಲೋಟ: ಏಳು. ಸ್ಟೂಲು: ಒಂದು. ಉದ್ದೇಶ: ಸಾಮಾನು ಕೋಣೆ. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು.

ಆದರೆ ನನಗೆ ಸಮಾಧಾನವಿರಲಿಲ್ಲ. ನಲ್ಲಿಗಳ ಪರೀಕ್ಷೆಗೆ ಸ್ಟೂಲು ಯಾಕೆ? ಸಾಮಾನು ಕೋಣೆಯಲ್ಲಿ ಒಂದು ಮೊಳೆಯೂ ಸಿಗಲಿಲ್ಲ ಯಾಕೆ? ಗೋಡೆಯ ಅಳತೆ ಇನ್ನೊಮ್ಮೆ ತೆಗೆದುಕೊಳ್ಳುವ ನೆಪದಲ್ಲಿ ಹೋದ ವಾರ ಮತ್ತೆ ಹೋದೆ. ಹೊರಗೆ ಟೇಪು ಹಿಡಿದು ನಿಂತಿದ್ದಾಗ ಒಬ್ಬ ಹೆಂಗಸು, ಅರವತ್ತರ ಮೇಲಿನವರು, ರಸ್ತೆ ದಾಟಿ ಬಂದು ಗೋಡೆಗೆ ಉಗಿದು ವಾಪಸು ಹೋದರು. ನನ್ನ ಕಡೆ ನೋಡಲೂ ಇಲ್ಲ. ಎದುರಿಗೆ ಅವರದು ಹೊಲಿಗೆ ಅಂಗಡಿ. ಎಲ್ಲರೂ ಅವರನ್ನು ಹೊಲಿಗೆಯಮ್ಮ ಅನ್ನುತ್ತಾರೆ. ಹಿಂದೆಯೇ ಹೋಗಿ, ಸರ್ಕಾರಿ ಗೋಡೆಗೆ ಉಗುಳಬಾರದಲ್ಲಮ್ಮ ಅಂತ ನಗುತ್ತಲೇ ಅಂದೆ.

"ದಿನಕ್ಕೊಂದು ಸಲ. ಅಂಗಡಿ ತೆಗೆದ ಕೂಡ್ಲೆ. ನೀನು ಯಾರು, ಕೆಡವೋಳಾ? ಕೂತ್ಕೋ. ಚಹಾ ಕುಡೀತೀಯಾ?"

ಚಹಾಕ್ಕೆ ನೀರನ್ನು ಒಂದು ಸಲ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಕುದಿಸಿದರು. ಆಮೇಲೆ ಮಿಷನ್ನಿನ ಮುಂದೆ ಕೂತು ಹೇಳಿದರು:

"ಅದು ರುಚಿ ಕೋಣೆ. ಊರಿಗೆ ಏಳು ಲೈನು. ಬೆಳಿಗ್ಗೆ ನೀರು ಬಿಡೋ ಮುಂಚೆ ಅಲ್ಲಿ ಒಬ್ಬಳು ಕೂತು ಏಳು ನಲ್ಲಿ ನೀರೂ ಬಾಯಿಗೆ ಹಾಕಿ, ರುಚಿ ನೋಡಿ ಉಗೀಬೇಕು. ಹಳೇ ಪೈಪು, ಪಕ್ಕದಲ್ಲೇ ಚರಂಡಿ, ಎಲ್ಲಿ ಒಡೆದು ಏನು ಸೇರ್ಕೊಳ್ಳತ್ತೋ ಯಾರಿಗೆ ಗೊತ್ತು. ಅವಳು ಸರಿ ಅಂದ್ರೆ ನೀರು. ಒಂದು ದಿನ ಏಳನೇ ಲೈನು ಕೆಟ್ಟಿತ್ತು. ಅವಳು ಸರಿ ಇದೆ ಅಂದ್ಳು. ನಮ್ಮದು ಏಳನೇ ಲೈನು. ನನ್ನ ಮಗನಿಗೆ ಆರು ವರ್ಷ. ಬೆಳಿಗ್ಗೆ ಕುಡಿದ, ಮಾರನೇ ದಿನ ಇಲ್ಲ. ಈ ಬೀದಿ ಒಂದರಲ್ಲೇ ಒಂಬತ್ತು ಜನ ಹೋದ್ರು."

ಯಾರು ಅವಳು ಅಂತ ಕೇಳಿದೆ.

"ನೀರು ಬಿಡೋನ ಹೆಂಡತಿ. ಗೋಡೆ ಆಚೆ ಗಂಡ, ಈಚೆ ಹೆಂಡತಿ. ಅವನು ಒಳ್ಳೆಯವನು ಪಾಪ, ಸುದ್ದಿ ಗೊತ್ತಾಗಿದ್ದೇ ತಡ ಬಿದ್ದೂ ಎದ್ದೂ ಓಡಿ ಮುಚ್ಚಿದ. ಅಂಥವನಿಗೆ ಎಂಥಾ ಹೆಂಡತಿ ಗಂಟುಬಿದ್ಲು ನೋಡು."

ಅಪ್ಪ, ಅವರು ಕೊಟ್ಟ ಚಹಾ ಕೈಯಲ್ಲೇ ಇತ್ತು. ನಾನು ಯಾರ ಮಗಳು ಎಂದು ಹೇಳಲು ಬಾಯಿ ಬರಲಿಲ್ಲ. ಚಹಾ ಪೂರ್ತಿ ಕುಡಿದು, ಚೆನ್ನಾಗಿತ್ತು ಅಂದು ಎದ್ದುಬಂದೆ.

ಅಮ್ಮ ಯಾವತ್ತೂ ಹೊರಗೆ ದುಡಿದವಳಲ್ಲ ಅಂದಿದ್ದಿರಿ. ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ ಅಮ್ಮನನ್ನು ಹುಟ್ಟಾ ಮಂಕು ಅಂದಿದ್ದಿರಿ. ನನಗೆ ಏಳು ವರ್ಷವಾದಾಗ ಅವಳು ಸತ್ತಳು, ಜ್ವರ ಅಂದಿರಿ. ಇದರಲ್ಲಿ ಯಾವುದು ನಿಜ? ಜ್ವರವಾದರೂ ನಿಜವೇ?

ಮಗಳು

*

ಏಪ್ರಿಲ್ 6

ಮಗಳೇ,

ಕಂಡವರ ಅಂಗಡಿಯಲ್ಲಿ ಕೂತು ಮನೆಯ ವಿಷಯ ಕೇಳುವ ಗತಿ ನಿನಗೆ ಬಂದಿತಲ್ಲ ಎಂದು ಬೇಸರವಾಯಿತು. ಜ್ವರ ನಿಜ.

ಉಳಿದದ್ದೂ ಆ ಹೆಂಗಸು ಹೇಳಿದ್ದೇ ನಿಜ. ನಿನಗೆ ಹೇಳಲಿಲ್ಲ, ಅಷ್ಟೆ. ಹೇಳಿದ್ದರೆ ನಿನಗೇನು ಸುಖವಿತ್ತು? ನಿನ್ನ ತಾಯಿ ಇಂಥ ಕೆಲಸ ಮಾಡಿದವಳು ಎಂದು ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆಯಾ? ಬೇರೆ ಊರಿಗೆ ವರ್ಗ ಕೇಳಿಕೊಂಡು, ಇಬ್ಬರು ಮಕ್ಕಳನ್ನು ಹೆತ್ತವಳ ಹೆಸರು ತಗುಲದ ಹಾಗೆ ಬೆಳೆಸಿದ್ದೇನೆ. ನೀನು ಓದಿದೆ, ಕೆಲಸ ಹಿಡಿದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅವಳು ಕೆಟ್ಟವಳಲ್ಲ. ಆ ದಿನ ಅವಳಿಗೆ ನೆಗಡಿ, ಮೂಗು ಕಟ್ಟಿತ್ತು. ರುಚಿ ಗೊತ್ತಾಗದೆ ಲೋಟ ನೆಟ್ಟಗಿಟ್ಟಳು. ಆದದ್ದು ಆಗಿಹೋಯಿತು. ವಿಚಾರಣೆಯೂ ಆಯಿತು, ಕೆಲಸವೂ ಹೋಯಿತು, ಅವಳೂ ಹೋದಳು. ನಾನಂತೂ ಅವಳ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಸಂಸಾರ ಮಾಡಿದ್ದೇನೆ. ನೀನೂ ಹೊಟ್ಟೆಗೆ ಹಾಕಿಕೋ.

ಈ ಕಾಗದ ಕಡತಕ್ಕಲ್ಲ.

ಅಪ್ಪ

*

ಏಪ್ರಿಲ್ 19

ಅಪ್ಪನಿಗೆ,

"ಲೋಟ ನೆಟ್ಟಗಿಟ್ಟಳು" ಎಂದು ಬರೆದಿದ್ದೀರಿ. ಹೊಲಿಗೆಯಮ್ಮ ಲೋಟದ ಮಾತೇ ಎತ್ತಿರಲಿಲ್ಲ. ನೆಟ್ಟಗಿಟ್ಟರೆ ಏನು, ಬೋರಲು ಇಟ್ಟರೆ ಏನು ಎಂದು ತಲೆಗೆ ಹುಳ ಬಿಟ್ಟವರು ನೀವೇ. ಕಚೇರಿಯ ಹಿಂದಿನ ಹಳೆಯ ದಾಖಲೆ ಕೋಣೆಯಲ್ಲಿ ಒಂಬತ್ತು ದಿನ ಧೂಳು ಕುಡಿದೆ. ನೀರು ಸರಬರಾಜಿನ ಗಂಟೊಂದರಲ್ಲಿ ಒಂದು ಹಾಳೆ ಸಿಕ್ಕಿತು. ಇದ್ದದ್ದು ಇದ್ದಹಾಗೆ ನಕಲು ಮಾಡುತ್ತೇನೆ:

"ರುಚಿ ಕೋಣೆಯ ನಿಯಮ. ನೀರು ನೋಡುವವರು ನೀರು ಸರಿಯಿದ್ದ ಲೈನಿನ ಲೋಟವನ್ನು ನೆಟ್ಟಗೂ, ಕೆಟ್ಟಿದ್ದ ಲೈನಿನ ಲೋಟವನ್ನು ಬೋರಲೂ ಇಡತಕ್ಕದ್ದು. ನೀರು ಬಿಡುವವರು ಒಳಗೆ ಬರಕೂಡದು. ಕಿಂಡಿಯಿಂದ ಲೋಟ ನೋಡಿ ವಾಲ್ವು ತೆರೆಯತಕ್ಕದ್ದು. ನೋಡುವವರೊಡನೆ ವಾದ ಮಾಡಕೂಡದು, ಅವರ ಮೇಲೆ ಯಾರ ಒತ್ತಾಯವೂ ಬೀಳಕೂಡದು."

ಅಂದರೆ ಆ ಗೋಡೆ ಕಟ್ಟಿದ್ದೇ ಇದಕ್ಕೆ. ಕಿಂಡಿ ಗಾಳಿಗಲ್ಲ.

ನಾನು ಬೀಗ ಒಡೆಸುವವರೆಗೆ ಆ ಬಾಗಿಲು ಮೂವತ್ತೊಂದು ವರ್ಷ ತೆರೆದಿರಲಿಲ್ಲ. ಆ ದಿನವೇ ಬೀಗ ಬಿತ್ತು, ಕೀಲಿ ಕಳೆಯಿತು ಎಂದು ಅದೇ ಗಂಟಿನಲ್ಲಿದ್ದ ವಿಚಾರಣೆಯ ವರದಿಯಲ್ಲಿದೆ. ಆಮೇಲೆ ನೀರಿಗೆ ಔಷಧಿ ಹಾಕುವ ಪದ್ಧತಿ ಬಂದು, ಕೋಣೆ ಯಾರಿಗೂ ಬೇಡವಾಯಿತು. ಹಾಗಾದರೆ ನಾನು ಒಳಗೆ ಕಂಡದ್ದು ಆ ಬೆಳಿಗ್ಗೆ ಅಮ್ಮ ಇಟ್ಟುಹೋದದ್ದು. ಆರು ನೆಟ್ಟಗೆ. ಏಳನೆಯದು ಬೋರಲು.

ಅಮ್ಮ ಬೇಡ ಅಂದಿದ್ದಳು, ಅಪ್ಪ.

ಅದನ್ನು ಕಲ್ಲಿನಿಂದ ಕಿತ್ತು, ಬ್ರಷ್ಷು ಹಾಕಿ ಉಜ್ಜಿ, ನೆಟ್ಟಗೆ ನಿಲ್ಲಿಸಿ, ಫೋಟೋಗೆ ಚೆಂದ ಕಾಣಲಿ ಎಂದು ಧೂಳೂ ಒರೆಸಿದವಳು ನಾನು. ಫೋಟೋದಲ್ಲಿ ಏಳೂ ಲೋಟ ಬಾಯಿ ಮೇಲೆ ಮಾಡಿಕೊಂಡು ನಿಂತಿವೆ, ಏನೂ ಆಗಿಲ್ಲ ಅನ್ನುವಂತೆ. ಟೈಪು ಮಾಡಿದ ಪಟ್ಟಿಯಲ್ಲಿ ಬರೀ "ಲೋಟ: ಏಳು". ಏಳನೆಯದು ಬೋರಲು ಎಂದಿದ್ದ ನನ್ನ ಕೈಬರಹದ ಪಟ್ಟಿಯನ್ನು ಗುಮಾಸ್ತ ಹರಿದು ಬುಟ್ಟಿಗೆ ಹಾಕಿದ. ಹಲಗೆಯ ಮೇಲೆ ಆರು ಚಿಕ್ಕ ತುಕ್ಕಿನ ಬಳೆ, ಒಂದು ದೊಡ್ಡದು, ಬಾಯಿಯಗಲದ್ದು, ಇನ್ನೂ ಇದೆ. ನೋಡೋಣ ಸಾಹೇಬರನ್ನು ಕರೆದುಕೊಂಡು ಹೋಗಿ ತೋರಿಸಿದೆ. "ತುಕ್ಕು ತಂದು ಸಾಕ್ಷಿಗೆ ನಿಲ್ಲಿಸ್ತೀರಲ್ಲಮ್ಮ! ವಿಷಯ ಗೊತ್ತಾಗೋ ಮುಂಚೆ ನೀವು ಬರೆದದ್ದು ಏನಾದ್ರೂ ಇದ್ರೆ ತನ್ನಿ, ವರದಿ ತಿದ್ದೋಣ" ಅಂದರು. ಈ ಸಲ ನೋಡೋಣ ಅನ್ನಲಿಲ್ಲ, ತಿದ್ದೋಣ ಅಂದರು.

ಹಾಗೆ ಬರೆದದ್ದು ಒಂದೇ ಒಂದಿದೆ. ಫೆಬ್ರವರಿ ಹನ್ನೊಂದರಂದು ನಿಮಗೆ ಬರೆದ ಕಾಗದ. ಅಂಚೆಯ ಮೊಹರಿನ ಸಮೇತ ಅದನ್ನು ಕಳಿಸಿ. ಜೊತೆಗೆ, ನಿಮ್ಮಿಂದ ಆಗುವುದಾದರೆ, ಕಿಂಡಿಯಿಂದ ನೀವು ಕಂಡದ್ದು ಏನು ಎಂದು ಬರೆಯಿರಿ. ಆಗುವುದಿಲ್ಲವಾದರೆ ನನ್ನ ಕಾಗದ ಮಾತ್ರ ಕಳಿಸಿ, ನಾನು ಬೇರೇನೂ ಕೇಳುವುದಿಲ್ಲ. ಹೊಲಿಗೆಯಮ್ಮ ದಿನಾ ಬೆಳಿಗ್ಗೆ ಅಮ್ಮನ ಮೇಲೆ ಉಗಿಯುತ್ತಿದ್ದಾರೆ. ನಾನು ಕಚೇರಿಗೆ ಹೋಗುವ ದಾರಿ ಅದೇ.

ಮಗಳು

*

ಮೇ 10

ಅಪ್ಪನಿಗೆ,

ಮೂರು ವಾರವಾಯಿತು. ಕಾಗದ ತಲುಪಿದೆ, ಓದುತ್ತಾ ಕೂತಿದ್ದರು ಎಂದು ತಮ್ಮ ಹೇಳಿದ. ಕೆಡವುವ ಯಂತ್ರ ಜೂನ್ ಕೊನೆಗೆ ಬರುತ್ತದೆ.

ಮಗಳು

*

ಜೂನ್ 3

ಮಗಳೇ,

ನಿನ್ನ ಮೊದಲ ಕಾಗದ ನನ್ನ ಬಳಿ ಇಲ್ಲ. ಬಂದ ದಿನವೇ ಸುಟ್ಟೆ. ಏಳನೆಯದು ಬೋರಲು ಎಂಬ ಸಾಲು ಓದಿದ ಮೇಲೆ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಧೈರ್ಯ ಬರಲಿಲ್ಲ. ಸುಟ್ಟ ಮೇಲೆಯೇ ಸಾಮಾನು ಕೋಣೆ ಎಂದು ಬರೆದದ್ದು.

ಕೇಳಿದೆಯಲ್ಲ, ಹೇಳುತ್ತೇನೆ. ಎರಡು ದಿನದಿಂದ ಊರಿಗೆ ನೀರಿರಲಿಲ್ಲ, ದೊಡ್ಡ ಪೈಪು ರಿಪೇರಿ. ಗೇಟಿನ ಹೊರಗೆ ಕೊಡಗಳ ಸದ್ದು, ಬೈಗುಳ. ಮೇಲಿನವನು ಫೋನಿನಲ್ಲಿ, ಬಿಡಯ್ಯಾ ಬೇಗ, ಏನು ಮುಹೂರ್ತ ನೋಡ್ತಿದ್ದೀಯಾ ಅಂತ ಕೂಗುತ್ತಿದ್ದ. ಕಿಂಡಿಗೆ ಕಣ್ಣಿಟ್ಟೆ. ಲೋಟ ಬೋರಲಿತ್ತು. ನೋಡಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಚೆನ್ನಾಗಿ ನೋಡಿದೆ.

ಆ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತು. ನಿನ್ನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು, ಹೊಲಿಸಿಕೊಂಡು ಬಾ ಎಂದು ಮೂರು ಸಲ ಹೇಳಿದ್ದಳು, ಮೂರು ಸಲ ಮರೆತಿದ್ದೆ. ನಾನು ಹೇಳಿದ್ದು ಯಾವತ್ತು ನಿಮ್ಮ ಕಿವಿಗೆ ಬಿದ್ದಿದೆ ಅಂದಳು. ನಾನೂ ಬಾಯಿಗೆ ಬಂದದ್ದು ಅಂದೆ. ಮುಖ ಗಂಟಿಕ್ಕಿಕೊಂಡೇ ಅವಳು ಗೋಡೆಯ ಆ ಕಡೆ ಹೋದಳು, ನಾನು ಈ ಕಡೆ. ಹೊರಗೆ ಜನ ನನ್ನನ್ನು ತಿನ್ನುತ್ತಿದ್ದಾರೆ ಎಂದು ಗೊತ್ತಿದ್ದೂ, ಬೇಕೆಂದೇ ಹಟಕ್ಕೆ ಬೋರಲು ಹಾಕಿದ್ದಾಳೆ ಅಂದುಕೊಂಡೆ. ಬೇರೆ ಯಾವಳಾದರೂ ಕೂತಿದ್ದರೆ ಖಂಡಿತ ತೆರೆಯುತ್ತಿರಲಿಲ್ಲ. ನನ್ನ ಹೆಂಡತಿ ಎಂದೇ ತೆರೆದೆ.

ಮಧ್ಯಾಹ್ನ ಮೊದಲ ಮಗು ಕಾಯಿಲೆ ಬಿದ್ದ ಸುದ್ದಿ ಬಂತು. ಓಡಿ ಮುಚ್ಚಿದ್ದು ನಿಜ. ಎಲ್ಲರಿಗಿಂತ ಮೊದಲು ನಾನೇ ಯಾಕೆ ಓಡಿದೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಕೀಲಿ ತೆಗೆದುಕೊಂಡು ಆ ಬಾಗಿಲಿಗೆ ಹೋದೆ. ಲೋಟ ನೆಟ್ಟಗೆ ಮಾಡಿದರೆ ಮುಗಿಯಿತು. ಹೊಸ್ತಿಲ ಹತ್ತಿರ ನಿಂತೆ, ಕೈ ಬರಲಿಲ್ಲ. ಬೀಗ ಹಾಕಿ ಕೀಲಿಯನ್ನು ಬಾವಿಗೆಸೆದೆ. ನನ್ನ ಕೈಲಾಗದ ಕೆಲಸವನ್ನು ಮೂವತ್ತೊಂದು ವರ್ಷದ ಮೇಲೆ ನೀನು ಮಾಡಿ ಮುಗಿಸಿದೆ. ತಿಳಿಯದೆ ಮಾಡಿದೆ, ನಿನ್ನ ತಪ್ಪಲ್ಲ.

ವಿಚಾರಣೆಯಲ್ಲಿ ಲೋಟ ನೆಟ್ಟಗಿತ್ತು ಅಂದೆ. ಬೀಗ ಒಡೆದು ನೋಡೋಣವೇ ಎಂದು ಒಬ್ಬ ಕೇಳಿದ. ಇನ್ನೊಬ್ಬ, ಗಂಡನೇ ಹೇಳುತ್ತಿದ್ದಾನೆ, ಹೆಂಡತಿಯ ಮೇಲೆ ಯಾರಾದರೂ ಸುಳ್ಳು ಹೇಳುತ್ತಾರಾ ಅಂದ. ಅಲ್ಲಿಗೆ ಮುಗಿಯಿತು. ವಿಚಾರಣೆಯ ಹಿಂದಿನ ಸಂಜೆಯೇ ನಿನ್ನ ಅಮ್ಮನಿಗೆ ಹೇಳಿದ್ದೆ, ನಾನು ಸಿಕ್ಕಿಬಿದ್ದರೆ ಜೈಲು, ನೀನಾದರೆ ಬರೀ ಕೆಲಸ ಹೋಗುತ್ತದೆ, ಮಕ್ಕಳ ಮುಖ ನೋಡು ಎಂದು. ಅವಳು ಅಳಲಿಲ್ಲ. ನೀವು ನೋಡಿದ್ರಿ ತಾನೆ, ಎಂದು ಒಂದೇ ಮಾತು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ವಿಚಾರಣೆಯಲ್ಲಿ ಅವಳು ಬಾಯಿ ತೆರೆಯಲಿಲ್ಲ, ಆಮೇಲೂ ತೆರೆಯಲಿಲ್ಲ. ಮೂರು ವರ್ಷ ಬಡಿಸಿದಳು, ಒಗೆದಳು, ಆ ಕೋಣೆಯಲ್ಲಿ ಕೂತಳು.

ಇದನ್ನು ನಿನ್ನ ತಮ್ಮನಿಗೆ ಹೇಳಬೇಡ. ಅವನ ಮಗಳು ನನ್ನ ಪ್ರಶಂಸಾಪತ್ರದ ಮೇಲೆ ಶಾಲೆಗೆ ಒಂದು ಪ್ರಬಂಧ ಬರೆದಿದ್ದಾಳೆ, ಬಹುಮಾನ ಬಂದಿದೆ. ನನಗೆ ಇನ್ನೆಷ್ಟು ದಿನ ಉಳಿದಿದೆ? ಅಷ್ಟು ದಿನ ಈ ಮನೆಯಲ್ಲಿ ತಲೆಯೆತ್ತಿ ಊಟ ಮಾಡಲು ಬಿಡು.

ಈ ಕಾಗದಕ್ಕೆ ಸಹಿ ಹಾಕುತ್ತಿಲ್ಲ. ಯಾಕೆಂದು ನಿನಗೆ ಗೊತ್ತು.

*

ಜುಲೈ 8

ಅಪ್ಪನಿಗೆ,

ಹೋದ ಗುರುವಾರ ಕೆಡವಿದರು. ಅರ್ಧ ದಿನವೂ ಬೇಕಾಗಲಿಲ್ಲ. ತುಕ್ಕಿನ ಬಳೆಗಳಿದ್ದ ಕಲ್ಲನ್ನು ಬೇರೆ ತೆಗೆದಿಡಿ ಎಂದು ಬೇಡಿಕೊಂಡಿದ್ದೆ. ಮೊದಲು ಅದೇ ಒಡೆಯಿತು.

ನಿಮ್ಮ ಸಹಿಯಿಲ್ಲದ ಕಾಗದವನ್ನು ನೋಡೋಣ ಸಾಹೇಬರಿಗೆ ತೋರಿಸಿದೆ. ನಾನು ಯಾರ ಮಗಳು ಎಂದೂ ಹೇಳಿದೆ. ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯ ಅಲ್ಲ. ಆಮೇಲೆ ಅಂದರು: "ಸಹಿ ಇರೋ ಕಾಗದ ಸಾಮಾನು ಕೋಣೆ ಅನ್ನತ್ತೆ. ಇದಕ್ಕೆ ಸಹಿ ಇಲ್ಲ. ನಾನು ಯಾವುದನ್ನ ಕಡತಕ್ಕೆ ಹಾಕ್ಲಮ್ಮ?" ನಾನು ಹುಡುಕಿದ ನಿಯಮದ ಹಾಳೆಯಲ್ಲಾಗಲಿ, ವಿಚಾರಣೆಯ ವರದಿಯಲ್ಲಾಗಲಿ ರುಚಿ ಕೋಣೆ ಎಲ್ಲಿತ್ತು ಎಂದು ಬರೆದಿಲ್ಲ. ಅದು ಬೇರೆಲ್ಲೋ ಇದ್ದು ಬಿದ್ದುಹೋಗಿರಬೇಕು ಎಂದು ತೀರ್ಮಾನವಾಯಿತು. ನೆಗಡಿಯ ಕಥೆ ಕಟ್ಟಿದ ನಿಮ್ಮ ಕಾಗದವನ್ನು ಕೊಟ್ಟಿದ್ದರೆ ಆ ಕಟ್ಟಡಕ್ಕೆ ಅದರ ಹೆಸರಾದರೂ ಸಿಗುತ್ತಿತ್ತು, ಜೊತೆಗೆ ಅಮ್ಮನ ತಪ್ಪು ಇನ್ನೊಮ್ಮೆ ಅಚ್ಚಾಗುತ್ತಿತ್ತು. ಕೊಡಲಿಲ್ಲ. ಹತ್ತೊಂಬತ್ತನೆಯ ಕಟ್ಟಡ, ಉದ್ದೇಶ: ಸಾಮಾನು ಕೋಣೆ, ಆಧಾರ: ನಿವೃತ್ತ ಮೇಸ್ತ್ರಿಯ ಪತ್ರ. ಕೆಳಗೆ ನನ್ನ ಸಹಿ. ನೋಡಿ, ಮನೆತನದ ಗುಣ ನನಗೂ ಬಂದಿದೆ.

ತಮ್ಮನಿಗೆ ನಾನು ಹೇಳಿಲ್ಲ. ಆ ಮಾತು ಉಳಿಸಿಕೊಂಡಿದ್ದೇನೆ.

ಆದರೆ ಕೆಡವಿದ ಸಂಜೆ ಹೊಲಿಗೆಯಮ್ಮನ ಅಂಗಡಿಗೆ ಹೋಗಿ, ಅವರ ಸ್ಟೂಲಿನ ಮೇಲೆ ಕೂತು, ನಿಮ್ಮ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅವರಿಗೆ ಓದು ಬರಹ ಬರುವುದಿಲ್ಲ. ಸಹಿ ಇದೆಯಾ ಇಲ್ಲವಾ ಅಂತ ಅವರು ಕೇಳಲಿಲ್ಲ. ನಾನು ಯಾರ ಮಗಳು ಎಂದು ಹೇಳಿದಾಗ ಮಿಷನ್ನಿನ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿದರು. ಎದುರಿನ ಖಾಲಿ ಜಾಗದ ಕಡೆ ತಿರುಗಿದರು.

"ಇಷ್ಟು ವರ್ಷ ಅವಳ ಮೇಲೆ ಉಗಿದ್ನಲ್ಲೇ" ಅಂದರು. ಆಮೇಲೆ, "ಕೇಳಿಸ್ತಿತ್ತೇನೋ ಅವಳಿಗೆ" ಅಂದರು. ಅವರಿಗೂ ಅಳು ಬರಲಿಲ್ಲ, ನನಗೂ ಬರಲಿಲ್ಲ. ನೀರು ಎರಡು ಸಲ ಕುದಿಸಿ ಚಹಾ ಮಾಡಿದರು. ಲೋಟ ಕೈಗೆ ಕೊಡುತ್ತಾ, "ಅವನು ಎಲ್ಲಿದ್ದಾನೆ?" ಅಂತ ಕೇಳಿದರು.

ವಿಳಾಸ ಬರೆದುಕೊಟ್ಟಿದ್ದೇನೆ. ಬಸ್ಸು ಹತ್ತಿಸಿ, ಕಂಡಕ್ಟರಿಗೆ ಹೇಳಿ ಬಂದೆ. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ಅವರು ಬಂದಿರಬಹುದು, ಇಲ್ಲವಾದರೆ ಅಂಚೆಯವನ ಹಿಂದೆಯೇ ಇರುತ್ತಾರೆ. ಹೊರಗಿನ ನೀರು ಮುಟ್ಟುವವರಲ್ಲ, ದಾರಿಯುದ್ದಕ್ಕೂ ಬಾಯಾರಿ ಬಂದಿರುತ್ತಾರೆ. ಒಳಗೆ ಕರೆದು ಪ್ರಶಂಸಾಪತ್ರದ ಕೆಳಗಿನ ಕುರ್ಚಿಯಲ್ಲೇ ಕೂರಿಸಿ. ನೀರು ಕೊಡಲು ಲೋಟ ಹುಡುಕಬೇಡಿ, ಅವರ ಚೀಲದಲ್ಲಿ ಒಂದಿದೆ. ಬಿಳಿಯದು, ಏಳನೇ ನಂಬರಿನದು. ಮೇಜಿನ ಮೇಲೆ ಅದನ್ನು ಬೋರಲು ಇಟ್ಟು, ಅಮ್ಮ ಕೇಳಿದ್ದನ್ನೇ ಅವರೂ ಕೇಳುತ್ತಾರೆ. ಅವರಿಗೆ ದನಿ ಜೋರು. ಕಿವಿ ಮಂದ ಅನ್ನುವ ಹಾಗಿಲ್ಲ, ತಮ್ಮನಿಗೂ ಕೇಳಿಸುತ್ತದೆ.

ಮಗಳು